ಕುದುರೆ ಸವಾರಿ, ನಮ್ಮ ಕೊಟ್ಟಿಗೆ ಮತ್ತು ಮನೆಯ ವಿಶೇಷಚೇತನ ಮಗು



ಇತ್ತೀಚೆಗೆ ನಡೆದ ಬರಡು ರಾಸುಗಳ ಚಿಕಿತ್ಸಾ ಶಿಬಿರದಲ್ಲಿ, ಹಸುಗಳ ತಪಾಸಣೆ ಮುಗಿದ ಮೇಲೆ ಒಬ್ಬ ತಾಯಿ ಪಕ್ಕಕ್ಕೆ ಕರೆದು ಕೇಳಿದರು: "ಡಾಕ್ಟ್ರೇ, ಕಾಲು ಬಾರದ ಮಕ್ಕಳನ್ನ ಕುದುರೆ ಮೇಲೆ ಕೂರಿಸಿದ್ರೆ ನಡೆಯೋ ಹಾಗೆ ಆಗ್ತಾರಂತೆ, ಮೊಬೈಲಲ್ಲಿ ನೋಡಿದೆ. ನಿಜಾನಾ?" ಪಕ್ಕದಲ್ಲಿದ್ದ ಇನ್ನೊಬ್ಬರು, "ಕುದುರೆ ಎಲ್ಲಿಂದ ತರೋದಕ್ಕ, ಎತ್ತಿನ ಮೇಲೆ ಕೂರಿಸಿದ್ರೆ ಆಗಲ್ವಾ?" ಎಂದರು. ಶಿಬಿರದ ಗಡಿಬಿಡಿಯಲ್ಲಿ ನಾಲ್ಕು ಮಾತು ಹೇಳಿ ಕಳಿಸಿದೆ. ಆದರೆ ಇಂತಹ ಮಗು ಇರುವ ಮನೆ ಎಲ್ಲ ಊರಲ್ಲೂ ಇರುತ್ತದೆ, ಕೇಳಲು ಹಿಂಜರಿಯುವ ತಾಯಂದಿರೂ ಇರುತ್ತಾರೆ. ಅದಕ್ಕೇ ಈ ಸಲ ಕೆಚ್ಚಲು ಬಾವು, ಖನಿಜ ಮಿಶ್ರಣಗಳನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕುದುರೆ ಸವಾರಿಯಿಂದ ಕೆಲವು ಮಕ್ಕಳಿಗೆ ಉಪಯೋಗ ಇದೆ. ಅದು ಒಂದು ಬಗೆಯ ವ್ಯಾಯಾಮ, ರೋಗ ವಾಸಿ ಮಾಡುವ ಔಷಧಿಯಲ್ಲ. ಎತ್ತಿನ ಮೇಲೆ ಕೂರಿಸುವುದು ಬೇಡ. ಆದರೆ ಪ್ರಾಣಿಗಳ ಒಡನಾಟದಿಂದ ಸಿಗುವ ಇನ್ನೊಂದು ಬಗೆಯ ಲಾಭ ಇದೆ, ಅದಕ್ಕೆ ಬೇಕಾದ ಹಸು, ಕರು ನಿಮ್ಮ ಕೊಟ್ಟಿಗೆಯಲ್ಲೇ ಇವೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್

ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಎಂಬ ಹೆಣ್ಣುಮಗಳು ಒಳ್ಳೆಯ ಕುದುರೆ ಸವಾರಳು. 1944ರಲ್ಲಿ, 23ರ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಮಗು ಇರುವಾಗ ಆಕೆಗೆ ಪೋಲಿಯೋ ಬಡಿಯಿತು. ಮಗು ಆರೋಗ್ಯವಾಗಿ ಹುಟ್ಟಿತು. ತಾಯಿಗೆ ಮಾತ್ರ ಕೈಕಾಲು ಬಿದ್ದುಹೋಗಿದ್ದವು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕೈ ಮತ್ತು ತೊಡೆಯ ಬಲವನ್ನು ಬಹುಮಟ್ಟಿಗೆ ಮರಳಿ ಪಡೆದರು. ಮೊಣಕಾಲಿನ ಕೆಳಗೆ ಮಾತ್ರ ಕೊನೆಯವರೆಗೂ ಶಕ್ತಿ ಬರಲಿಲ್ಲ. ಆದರೂ ಮತ್ತೆ ಕುದುರೆ ಹತ್ತಿದರು. ಹತ್ತಲು, ಇಳಿಯಲು ಇನ್ನೊಬ್ಬರ ಸಹಾಯ ಬೇಕಿತ್ತು.

1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್ ನಡೆಯಿತು. ಕುದುರೆಯನ್ನು ಲಯಬದ್ಧವಾಗಿ ನಡೆಸುವ ಡ್ರೆಸಾಜ್ ಎಂಬ ಸ್ಪರ್ಧೆಗೆ ಅಲ್ಲಿಯವರೆಗೆ ಸೇನಾಧಿಕಾರಿಗಳಿಗೆ ಮಾತ್ರ ಪ್ರವೇಶವಿತ್ತು. ಆ ವರ್ಷ ಮೊದಲ ಬಾರಿಗೆ ಹೆಂಗಸರಿಗೂ ಅವಕಾಶ ಸಿಕ್ಕಿತು. ಗಂಡಸರ ಜೊತೆಗೇ ಸ್ಪರ್ಧಿಸಿ, ಜುಬಿಲಿ ಎಂಬ ಕುದುರೆಯ ಮೇಲೆ, ಹಾರ್ಟೆಲ್ ಬೆಳ್ಳಿ ಪದಕ ಗೆದ್ದರು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಅವರೇ ಕೈಹಿಡಿದು ಆಕೆಯನ್ನು ಪದಕದ ವೇದಿಕೆಗೆ ಹತ್ತಿಸಿದರು. 1956ರಲ್ಲಿ ಆಕೆ ಮತ್ತೊಮ್ಮೆ ಬೆಳ್ಳಿ ಗೆದ್ದರು. (ಆ ವರ್ಷದ ಒಲಿಂಪಿಕ್ಸ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದರೂ ಕುದುರೆ ಸ್ಪರ್ಧೆ ಮಾತ್ರ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆಯಿತು. ಹೊರಗಿನ ಪ್ರಾಣಿಗಳನ್ನು ಒಳಗೆ ಬಿಡುವ ವಿಷಯದಲ್ಲಿ ಆಸ್ಟ್ರೇಲಿಯಾದ ರೋಗ ತಡೆ ನಿಯಮ ಅಷ್ಟು ಬಿಗಿ. ಸಂತೆಯಿಂದ ತಂದ ಹಸುವನ್ನು ಅದೇ ದಿನ ಕೊಟ್ಟಿಗೆಗೆ ಸೇರಿಸುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.)

ಹಾರ್ಟೆಲ್ ಅವರ ಈ ಸಾಧನೆ ನೋಡಿದ ಮೇಲೆ ಯೂರೋಪಿನ ದೇಶಗಳಲ್ಲಿ ವಿಶೇಷಚೇತನ ಮಕ್ಕಳಿಗೆ ಸವಾರಿ ಕಲಿಸುವ ಪ್ರಯತ್ನಗಳು ಹೆಚ್ಚಿದವು. ಬ್ರಿಟನ್ನಿನಲ್ಲಿ 1969ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು, ಅದೇ ವರ್ಷ ಅಮೆರಿಕದಲ್ಲೂ ಒಂದು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಿಂದ ಕುದುರೆ ಸವಾರಿ ಅಲ್ಲಿನ ಅಧಿಕೃತ ಕ್ರೀಡೆಯೂ ಆಗಿದೆ.

ಒಂದು ಮಾತು ಗಮನಿಸಿ. ಇಷ್ಟು ವರ್ಷ ಕುದುರೆಯ ಮೇಲೆ ಕಳೆದ ಹಾರ್ಟೆಲ್ ಅವರ ಮೊಣಕಾಲಿನ ಕೆಳಗಿನ ಲಕ್ವ ಹೋಗಲಿಲ್ಲ. ಇರುವ ಶಕ್ತಿಯನ್ನು ಪೂರ್ತಿ ಬಳಸುವುದನ್ನು ಆಕೆ ಕಲಿತರು. ಮೊಬೈಲಿನ ವಿಡಿಯೋಗಳು ಈ ಭಾಗವನ್ನು ಹೇಳುವುದಿಲ್ಲ.

ಕುದುರೆಯ ಬೆನ್ನಿನ ಮೇಲೆ ಏನಾಗುತ್ತದೆ

ಕುದುರೆ ಓಡದೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಮುಂದೆ-ಹಿಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ಅಲುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟವೂ ಹೆಚ್ಚುಕಡಿಮೆ ಹೀಗೆಯೇ ಅಲುಗುತ್ತದೆ. ನಡೆಯಲಾಗದ ಮಗುವನ್ನು ಅದರ ಮೇಲೆ ಕೂರಿಸಿದಾಗ, ಕಾಲು ನೆಲಕ್ಕೆ ತಾಗದಿದ್ದರೂ, ಸೊಂಟಕ್ಕೆ ನಡಿಗೆಯ ಅನುಭವ ಸಿಗುತ್ತದೆ. ಒಂದೊಂದು ಹೆಜ್ಜೆಗೂ ಮಗು ಬೀಳದಂತೆ ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯಬೇಕು, ಸಡಿಲ ಬಿಡಬೇಕು. ಕುದುರೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಇಟ್ಟರೂ ಅರ್ಧ ಗಂಟೆಯಲ್ಲಿ ಇಂತಹ ಸಾವಿರಾರು ಸಣ್ಣ ಕಸರತ್ತು ನಡೆದಿರುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಮಗುವಿನಿಂದ ಇಷ್ಟನ್ನು ಮಾಡಿಸುವುದು ಕಷ್ಟ, ಅಳು ಶುರುವಾಗುತ್ತದೆ. ಇದರ ಜೊತೆಗೆ ಕುದುರೆಯ ಮೈಶಾಖ ನಮ್ಮದಕ್ಕಿಂತ ಸ್ವಲ್ಪ ಹೆಚ್ಚು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಸೆಟೆದ ತೊಡೆಗಳು ಆ ಬಿಸಿಗೆ, ಆ ತೂಗಾಟಕ್ಕೆ ಸ್ವಲ್ಪ ಸಡಿಲವಾಗುತ್ತವೆ.

ಇದರಲ್ಲಿ ಎರಡು ಬಗೆ ಇವೆ. ಫಿಸಿಯೋಥೆರಪಿ ಕಲಿತವರೇ ನಿಂತು, ಕುದುರೆಯ ನಡಿಗೆಯನ್ನು ಚಿಕಿತ್ಸೆಯ ಸಾಧನವಾಗಿ ಬಳಸುವುದು ಒಂದು. ಇದಕ್ಕೆ ಹಿಪೊಥೆರಪಿ ಎನ್ನುತ್ತಾರೆ. ತರಬೇತಿ ಪಡೆದ ಶಿಕ್ಷಕರು ಮಗುವಿಗೆ ಸವಾರಿಯನ್ನೇ ಕಲಿಸುವುದು ಇನ್ನೊಂದು. ಕೂತಾಗ ಬೆನ್ನು ನೆಟ್ಟಗಿಡುವುದು, ಆಯ ತಪ್ಪದಿರುವುದು ಇಂತಹ ವಿಷಯಗಳಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಪ್ರಯೋಜನ ಆಗಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅವುಗಳಲ್ಲಿ ಬಹಳಷ್ಟು ಕಡಿಮೆ ಮಕ್ಕಳ ಮೇಲೆ ನಡೆದವು. "ಇಷ್ಟು ಸಲ ಕೂರಿಸಿ, ನಡೆಯುತ್ತಾನೆ" ಎಂದು ಯಾರಾದರೂ ಗ್ಯಾರಂಟಿ ಕೊಟ್ಟು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದಕ್ಕಾಗಿ ಕರು ಮಾರುವುದಂತೂ ಬೇಡವೇ ಬೇಡ.

ನಗರದಲ್ಲಿ ಎಲ್ಲಾದರೂ ಇಂತಹ ಸವಾರಿ ಕೇಂದ್ರಕ್ಕೆ ಹೋಗುವ ಅವಕಾಶ ಸಿಕ್ಕರೆ ಹಣ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ನಿಂತು ನೋಡಿ. ಕುದುರೆ ಹಿಡಿದು ನಡೆಸಲು ಒಬ್ಬರು, ಮಗುವಿನ ಎರಡೂ ಪಕ್ಕ ನಡೆಯಲು ಇಬ್ಬರು ಇರಬೇಕು. ತಲೆಗೆ ಹೆಲ್ಮೆಟ್ ಬೇಕು. ಹತ್ತಿಸಲು ಕಟ್ಟೆಯೋ ಇಳಿಜಾರೋ ಇರಬೇಕು. ಎತ್ತಿ ಎಸೆದ ಹಾಗೆ ಕೂರಿಸುವ ಜಾಗ ಅದಲ್ಲ. ಕುದುರೆ ಶಾಂತವಾಗಿರಬೇಕು, ಕಾಲು ಕುಂಟುತ್ತಿರಬಾರದು, ಬೆನ್ನ ಮೇಲೆ ಹುಣ್ಣಿರಬಾರದು. ಮುಖ್ಯವಾಗಿ, ನಿಮ್ಮ ಮಗುವಿನ ವೈದ್ಯರ ಚೀಟಿಯನ್ನು ಅವರೇ ಕೇಳಬೇಕು. ಕೇಳದೆ ಕೂರಿಸುವವರನ್ನು ನಂಬಬೇಡಿ. ಏಕೆಂದರೆ ಎಲ್ಲ ಮಕ್ಕಳಿಗೂ ಇದು ಆಗಿಬರುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೊದಲ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ, ಕುಲುಕಾಟಕ್ಕೆ ನರದ ಬಳ್ಳಿಗೆ ಪೆಟ್ಟಾಗಬಹುದು. ಸೊಂಟದ ಕೀಲು ಜಾರಿರುವ ಮಗುವಿಗೆ, ಹತೋಟಿಗೆ ಬಾರದ ಫಿಟ್ಸ್ ಇರುವ ಮಗುವಿಗೆ, ಕೂರುವ ಜಾಗದಲ್ಲಿ ಹುಣ್ಣಾಗಿರುವ ಮಗುವಿಗೆ ಸವಾರಿ ಅಪಾಯ.

ಎತ್ತು, ಹಸು, ಎಮ್ಮೆ ಏಕೆ ಬೇಡ

ಎಮ್ಮೆ ಮೇಲೆ ಕೂತು ಕೆರೆಗೆ ಹೋದವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಬಿದ್ದರೆ ಎದ್ದು ಓಡುವ ಹುಡುಗರು. ತನ್ನ ಮೈಯನ್ನು ತಾನೇ ಹಿಡಿದುಕೊಳ್ಳಲಾಗದ ಮಗುವಿನ ಮಾತು ಬೇರೆ.

ಹಸು, ಎತ್ತಿನ ಬೆನ್ನುಮೂಳೆ ಎದ್ದು ಕಾಣುತ್ತದೆ. ಅದರಲ್ಲೂ ಹಾಲು ಹಿಂಡುವ ಮಿಶ್ರತಳಿ ಹಸುವಿನ ಬೆನ್ನ ಮೇಲೆ ಮಾಂಸ ಕಡಿಮೆ, ಚರ್ಮ ಸಡಿಲ. ಕೂತವರು ಪಕ್ಕಕ್ಕೆ ಜಾರುತ್ತಾರೆ. ಎತ್ತಿಗೆ ನೊಗ ಎಳೆದು ರೂಢಿ; ಬೆನ್ನ ಮೇಲೆ ಅತ್ತಿಂದಿತ್ತ ವಾಲುವ ಭಾರ ಹೊತ್ತು ರೂಢಿಯಿಲ್ಲ. ಒಂದು ನೊಣ ಕಚ್ಚಿದರೂ ತಲೆಯನ್ನು ಪಕ್ಕೆಗೆ ಬೀಸುತ್ತದೆ, ಕೊಂಬು ಬರುವುದು ಸರಿಯಾಗಿ ಮಗುವಿನ ಕಾಲಿರುವ ಜಾಗಕ್ಕೆ. ಗಬ್ಬದ ಹಸುವಿನ ಮೇಲೆ ಭಾರ ಹಾಕುವುದಂತೂ ಹಸುವಿಗೂ ಹಿಂಸೆ. ಹಸುವಿಗೆ ಹಸುವಿನ ಕೆಲಸವನ್ನೇ ಬಿಡೋಣ.

ನಾರ್ವೆಯ ಹೈನು ಮನೆಗಳಲ್ಲಿ ನಡೆದದ್ದು

ನನಗೆ ಕುದುರೆಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಭಾಗ. ನೀವೂ ಹೈನುಗಾರರು, ನಿಮಗೂ ಹಾಗೆಯೇ ಅನ್ನಿಸಬಹುದು.

ಪ್ರಾಣಿಗಳ ಒಡನಾಟದಿಂದ ನೊಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಎಂಬ ಮಾತು ಹಳೆಯದು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1796ರಲ್ಲಿ ಶುರುವಾದ ಒಂದು ಮನೋರೋಗಿಗಳ ಆಶ್ರಯಧಾಮದಲ್ಲಿ, ರೋಗಿಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದ ಆ ಕಾಲದಲ್ಲೇ, ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟು ಅವುಗಳ ಆರೈಕೆಯಲ್ಲಿ ರೋಗಿಗಳನ್ನು ತೊಡಗಿಸುತ್ತಿದ್ದರು. ಅಮೆರಿಕದ ಬೋರಿಸ್ ಲೆವಿನ್ಸನ್ ಎಂಬ ಮನಃಶಾಸ್ತ್ರಜ್ಞರು, ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗ ತಮ್ಮ ನಾಯಿ ಜಿಂಗಲ್ಸ್ ಜೊತೆ ಮಾತ್ರ ಒಡನಾಡುವುದನ್ನು ಗಮನಿಸಿ, 1960ರ ದಶಕದಲ್ಲಿ ಈ ಬಗ್ಗೆ ಬರೆದರು. ಇಂದು ನೆದರ್‌ಲ್ಯಾಂಡ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ರೈತ ಮನೆಗಳು, ಅವುಗಳಲ್ಲಿ ಹಲವು ಹೈನು ಮನೆಗಳು, ಬುದ್ಧಿಮಾಂದ್ಯರು, ವಯಸ್ಸಾದವರು, ಆಟಿಸಂ ಇರುವ ಮಕ್ಕಳು ಹಗಲು ಹೊತ್ತು ಬಂದು ಕೆಲಸದಲ್ಲಿ ಕೈಜೋಡಿಸಲು ಅವಕಾಶ ಕೊಡುತ್ತವೆ. ಅದಕ್ಕೆ ರೈತರಿಗೆ ಹಣವೂ ಸಿಗುತ್ತದೆ.

ನಾರ್ವೆಯ ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದರು. ಮಾನಸಿಕ ಕಾಯಿಲೆ ಇದ್ದ 90 ಜನರನ್ನು ಆರಿಸಿ, 60 ಜನರನ್ನು ಹೈನು ಮನೆಗಳಿಗೆ ಕಳಿಸಿದರು. ಉಳಿದ 30 ಜನ ಎಂದಿನ ಚಿಕಿತ್ಸೆಯಲ್ಲೇ ಇದ್ದರು. ಹೋದವರು ವಾರಕ್ಕೆ ಎರಡು ಸಲ, ಸಲಕ್ಕೆ 3 ಗಂಟೆಯಂತೆ, 12 ವಾರ ದನಕರುಗಳ ಜೊತೆ ಕಳೆದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 12 ವಾರ ಮುಗಿದ ಕೂಡಲೇ ದೊಡ್ಡ ಬದಲಾವಣೆ ಏನೂ ಇರಲಿಲ್ಲ. ಅದಾಗಿ 6 ತಿಂಗಳ ನಂತರ ನೋಡಿದಾಗ, ಹೋಗಿಬಂದವರಲ್ಲಿ "ಇದು ನನ್ನ ಕೈಲಿ ಆಗುತ್ತದೆ" ಎಂಬ ನಂಬಿಕೆ ಹೆಚ್ಚಿತ್ತು. ಒಟ್ಟಾರೆ ಬದುಕಿನ ನೆಮ್ಮದಿಯ ಅಂಕಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಪವಾಡವಲ್ಲ, ಹಾಗೆಂದು ಸುಳ್ಳೂ ಅಲ್ಲ. ಮುಂದೆ ಖಿನ್ನತೆ ಇದ್ದವರ ಮೇಲೆ ಅದೇ ದೇಶದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಹಾಲು ಕರೆಯುವಂತಹ ಕಲಿಯಬೇಕಾದ ಕೆಲಸಗಳನ್ನು ಕೈಗೆತ್ತಿಕೊಂಡು ಅದರಲ್ಲಿ ಪಳಗಿದವರಿಗೆ ಹೆಚ್ಚು ಪ್ರಯೋಜನವಾಯಿತು ಎಂದು ಕಂಡುಬಂತು.

ಈ ಅಧ್ಯಯನಗಳು ದೊಡ್ಡವರ ಮೇಲೆ, ಮಾನಸಿಕ ಕಾಯಿಲೆ ಇದ್ದವರ ಮೇಲೆ ನಡೆದವು. ನಡೆಯಲಾಗದ ಮಗುವಿಗೂ ಇದೇ ಫಲ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಂಡ ಒಂದು ಸಂಗತಿ ನಮ್ಮ ಮನೆಗಳಿಗೂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಸುವಿನ ಪಕ್ಕ ಸುಮ್ಮನೆ ಕೂರುವುದಕ್ಕಿಂತ ಅದರ ಒಂದು ಕೆಲಸ ತನ್ನ ಪಾಲಿಗೆ ಇರುವುದು ಮುಖ್ಯ. ನಮ್ಮಲ್ಲಿ ಆಗುತ್ತಿರುವುದು ಇದರ ತಿರುವು. ವಿಶೇಷಚೇತನ ಮಗುವನ್ನು "ಬೀಳುತ್ತೆ, ಒದೆಯುತ್ತೆ, ಸಗಣಿ ಮೆತ್ಕೊಳ್ಳುತ್ತೆ" ಎಂದು ಪಡಸಾಲೆಯಲ್ಲೇ ಕೂರಿಸಿಬಿಡುತ್ತೇವೆ. ಮನೆಯವರೆಲ್ಲ ಬೆಳಿಗ್ಗೆ 5 ಗಂಟೆಯಿಂದ ಕೊಟ್ಟಿಗೆಯಲ್ಲಿ, ಆ ಮಗು ಒಂದೇ ಒಳಗೆ.

ಯಾವ ಕೆಲಸ, ಯಾರಿಗೆ

ಈಗಾಗಲೇ ನಿಮ್ಮ ಮೇಲಿರುವ ಕೆಲಸ ಎಷ್ಟೆಂದು ನನಗೆ ಗೊತ್ತು. ಇದಕ್ಕೆ ಹೊಸ ಸಮಯ ಬೇಡ. ಇರುವ ಕೆಲಸದಲ್ಲೇ 10-15 ನಿಮಿಷದ ಒಂದು ತುಂಡನ್ನು ಮಗುವಿಗೆ ಬಿಟ್ಟುಕೊಡಿ. ದಿನವೂ ಅದೇ ಹೊತ್ತು, ಅದೇ ರಾಸು, ಅದೇ ಕೆಲಸ.

ಶುರು ಮಾಡಲು ಹೆಣ್ಣು ಕರು ಒಳ್ಳೆಯದು. ಹುಟ್ಟಿದ ವಾರದಿಂದಲೇ ಮೈ ಸವರಿಸಿಕೊಂಡು ಬೆಳೆದ ಕರು ಮನುಷ್ಯರಿಗೆ ಹೆದರುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೊಂಬಿನ ಮೊಗ್ಗು ಸುಡಿಸಿದರೆ ಮುಂದಿನ ಅಪಾಯವೂ ಕಡಿಮೆ. ಮುದ್ದು ಮಾಡಿ ಸಾಕಿದ ಗಂಡು ಕರುವನ್ನು ಮಾತ್ರ ಇದಕ್ಕೆ ಆರಿಸಬೇಡಿ. ಕೈಯಲ್ಲಿ ಬೆಳೆದ ಹೋರಿಗೆ ಮನುಷ್ಯರ ಅಂಜಿಕೆ ಇರುವುದಿಲ್ಲ, ಪ್ರಾಯಕ್ಕೆ ಬಂದಾಗ ಆಟಕ್ಕೆಂದು ತಲೆ ಕೊಟ್ಟರೂ ಪ್ರಾಣಕ್ಕೆ ಕುತ್ತು. ಹೆಣ್ಣು ಕರುವೂ ಮೂರು ತಿಂಗಳಿಗೆ 60 ಕೆ.ಜಿ.ಯ ಹತ್ತಿರ ಬರುತ್ತದೆ, ನೆನಪಿರಲಿ. ಹಗ್ಗವನ್ನು ಮಗುವಿನ ಕೈಗಾಗಲಿ, ಗಾಲಿಕುರ್ಚಿಗಾಗಲಿ ಎಂದಿಗೂ ಸುತ್ತಬಾರದು. ಹಗ್ಗ ಗೂಟದಲ್ಲಿರಲಿ, ಬ್ರಷ್ಷು ಮಗುವಿನ ಕೈಯಲ್ಲಿರಲಿ.

ಮೈ ಉಜ್ಜುವಾಗ ಎಲ್ಲಿ ಉಜ್ಜಬೇಕು ಎಂಬುದಕ್ಕೂ ಲೆಕ್ಕವಿದೆ. ಆಸ್ಟ್ರಿಯಾದ ಪಶುವೈದ್ಯ ಸಂಶೋಧಕರು ಹಸುಗಳ ಬೇರೆಬೇರೆ ಭಾಗಗಳನ್ನು ಸವರಿ ನೋಡಿದಾಗ ಅವಕ್ಕೆ ಹೆಚ್ಚು ಹಿಡಿಸಿದ್ದು ಕತ್ತಿನ ಕೆಳಭಾಗ. ನೀವೂ ನೋಡಿರುತ್ತೀರಿ: ಗಂಗೆದೊಗಲು ಸವರಿದರೆ ಹಸು ಕತ್ತು ನೀಳ ಮಾಡಿ ಕಿವಿ ಜೋಲುಬಿಡುತ್ತದೆ. ಹಸುಗಳೂ ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ಅಲ್ಲೇ. ಅದರ ಬದಲು ಬಾಲ ಜೋರಾಗಿ ಬೀಸುವುದು, ಕಿವಿ ಹಿಂದಕ್ಕೆ ಒತ್ತುವುದು, ಕಣ್ಣಿನ ಬಿಳಿ ಕಾಣುವುದು, ಹಿಂಗಾಲು ಎತ್ತಿ ಎತ್ತಿ ಇಡುವುದು ಕಂಡರೆ ಅವತ್ತಿಗೆ ಸಾಕು. ಈ ಗುರುತುಗಳನ್ನು ಮಗುವಿಗೂ ಕಲಿಸಿ. "ಲಕ್ಷ್ಮಿಗೆ ಈಗ ಬೇಜಾರಾಗಿದೆ" ಎಂದು ಹೇಳಲು ಕಲಿತ ಮಗು ಇನ್ನೊಬ್ಬರ ಮನಸ್ಸನ್ನು ಗಮನಿಸಲು ಕಲಿಯುತ್ತಿದೆ ಎಂದೇ ಅರ್ಥ. ಆಟಿಸಂ ಇರುವ ಮಕ್ಕಳಿಗೆ ಇದು ಸಣ್ಣ ಪಾಠವಲ್ಲ.

ಗಾಲಿಕುರ್ಚಿಯಲ್ಲಿರುವ ಮಗುವಿಗೆ ಗೋದಲಿಯ ಕಡೆ, ಅಂದರೆ ಹಸುವಿನ ಮುಖದ ಕಡೆ ಜಾಗ ಮಾಡಿಕೊಡಿ. ಹಸು ಮತ್ತು ಗೋಡೆಯ ನಡುವೆ ಕುರ್ಚಿ ಸಿಕ್ಕಿಕೊಳ್ಳುವಂತಿರಬಾರದು. ಕುರ್ಚಿಯ ಬ್ರೇಕ್ ಹಾಕಿ, ಹಿಂದೆ ಸರಿಯಲು ದಾರಿ ಬಿಡಿ. ಕತ್ತರಿಸಿದ ಹಸಿಮೇವನ್ನು ಪಕ್ಕದ ಬುಟ್ಟಿಯಿಂದ ಹಿಡಿಹಿಡಿಯಾಗಿ ಗೋದಲಿಗೆ ಹಾಕುವುದು ತೋಳಿಗೆ, ಬೆರಳಿಗೆ, ಸೊಂಟಕ್ಕೆ ಚೆನ್ನಾದ ವ್ಯಾಯಾಮ. ಫಿಸಿಯೋಥೆರಪಿಯವರು "ಈ ಕೈಯನ್ನ ಹೆಚ್ಚು ಬಳಸಿ" ಎಂದಿದ್ದರೆ ಬುಟ್ಟಿಯನ್ನು ಆ ಕೈಯ ಕಡೆಗೇ ಇಡಿ.

ಕಣ್ಣು ಕಾಣದವರಿಗೆ ಹಾಲು ಕರೆಯುವ ಕೆಲಸವೇ ಸಾಧ್ಯ. ಅದು ಬೆರಳಿನ ವಿದ್ಯೆ. ನೀವೂ ನಸುಕಿನಲ್ಲಿ ಕಣ್ಣಿಗಿಂತ ಕೈಯನ್ನೇ ನಂಬಿ ಕರೆಯುತ್ತೀರಲ್ಲ. ಒಂದೇ ಸಾಧು ಹಸು, ಅದು ಸದಾ ಅದೇ ಜಾಗದಲ್ಲಿ. ಹತ್ತಿರ ಹೋಗುವ ಮೊದಲು ಹೆಸರು ಹಿಡಿದು ಕರೆಯಬೇಕು, ಭುಜದ ಮೇಲೆ ಕೈಯಿಟ್ಟು ಆ ಕೈಯನ್ನು ತೆಗೆಯದೆ ಕೆಚ್ಚಲಿನವರೆಗೆ ಬರಬೇಕು. ಕೆಚ್ಚಲಿನ ಒಂದು ಭಾಗ ಬಿಸಿಯಾಗಿರುವುದು, ಗಟ್ಟಿಯಾಗಿರುವುದು ಅಂತಹ ಕೈಗೆ ಬೇಗ ತಿಳಿಯುತ್ತದೆ. ಕೆಚ್ಚಲು ಬಾವನ್ನು ಮನೆಯಲ್ಲಿ ಮೊದಲು ಪತ್ತೆ ಮಾಡುವವರು ಅವರೇ ಆಗಬಹುದು. ಹಾಲಿನಲ್ಲಿ ಗರಣೆ, ರಕ್ತ ಇದೆಯೇ ಎಂದು ನೋಡಲು ಮಾತ್ರ ಕಣ್ಣಿರುವವರು ಜೊತೆಗಿರಬೇಕು.

ಕಿವಿ ಕೇಳದವರಿಗೆ ಹಿಂದಿನಿಂದ ಬರುವ ರಾಸಿನ ಸದ್ದು ತಿಳಿಯದು. ಆದ್ದರಿಂದ ರಾಸುಗಳನ್ನು ಬಿಚ್ಚುವ, ಕಟ್ಟುವ ಹೊತ್ತಿನಲ್ಲಿ ಅವರು ಎದುರಿಗೆ ನಿಲ್ಲಲಿ. ಅವರ ನೋಟ ಚುರುಕು. ಬೆದೆ ನೋಡುವ ಜವಾಬ್ದಾರಿಯನ್ನು ಅವರಿಗೆ ಕೊಟ್ಟು ನೋಡಿ. ಲೋಳೆ ಸುರಿಯುವುದು, ಇನ್ನೊಂದರ ಮೇಲೆ ಹತ್ತುವುದು, ಮೇವು ಬಿಟ್ಟು ಚಡಪಡಿಸುವುದು ಕಂಡ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಬೆಳಿಗ್ಗೆ ಕಂಡ ಬೆದೆಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ನಷ್ಟ ಎಂದು ಶಿಬಿರಗಳಲ್ಲಿ ನಾವು ಬಾಯಿ ನೋಯುವಷ್ಟು ಹೇಳುತ್ತೇವೆ. ಆ ಕೆಲಸ ಹಿಡಿದವರು ಮನೆಗೆ ಹೊರೆಯಲ್ಲ.

ಬುದ್ಧಿಮಾಂದ್ಯತೆ ಇರುವ ಮಗುವಿಗೆ ಎಣಿಸುವ ಕೆಲಸ ಒಳ್ಳೆಯದು. ಈ ಹಸುವಿಗೆ ಪಶು ಆಹಾರ ಮೂರು ಮಗ್ಗು, ಆ ಹಸುವಿಗೆ ಎರಡು. ಗೋಡೆಯ ಮೇಲೆ ಹಸುವಿನ ಚಿತ್ರ, ಪಕ್ಕದಲ್ಲಿ ಮಗ್ಗಿನ ಚಿತ್ರ ಬರೆದಿಡಿ. ಮೊದಲ ತಿಂಗಳು ತಪ್ಪಾಗುತ್ತದೆ, ಚೆಲ್ಲುತ್ತದೆ. ಬೈಯಬೇಡಿ.

ಮೇವು ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಇವರಲ್ಲಿ ಯಾರೂ ಹೋಗಬಾರದು, ಯಂತ್ರ ನಿಂತಿದ್ದರೂ ಸರಿ. ಫಿಟ್ಸ್ ಬರುವವರು ಒಬ್ಬರೇ ಹಸುವಿನ ಕೆಳಗೆ ಕೂತು ಹಾಲು ಕರೆಯಬಾರದು. ಈದು ಒಂದೆರಡು ವಾರದೊಳಗಿನ ಹಸು ಎಷ್ಟೇ ಸಾಧುವಾದರೂ ಕರುವಿನ ಹತ್ತಿರ ಬಂದವರನ್ನು ಹಾಯಬಹುದು, ಆ ದಿನಗಳಲ್ಲಿ ದೂರವಿಡಿ. ಹಸುವಿಗೆ ನೇರ ಹಿಂದೆ ಇರುವುದು ಕಾಣುವುದಿಲ್ಲ. ಅದರ ಒದೆತ ಹಿಂದಕ್ಕಷ್ಟೇ ಅಲ್ಲ, ಮುಂದಕ್ಕೂ ಪಕ್ಕಕ್ಕೂ ಬೀಸುತ್ತದೆ. ಸಗಣಿ, ಗಂಜಲ ನಿಂತ ನೆಲ ಊರುಗೋಲಿಗೆ ಶತ್ರು, ಮೊದಲು ತೊಳೆದು ಆರಲು ಬಿಡಿ. ಏನೇ ಆದರೂ ದೊಡ್ಡವರೊಬ್ಬರ ಕಣ್ಣು ಅಲ್ಲಿರಲೇಬೇಕು.

ರೋಗ ದಾಟದಂತೆ

ಪಶುವೈದ್ಯನಾಗಿ ನಾನು ಒತ್ತಿ ಹೇಳಬೇಕಾದ ಮಾತು ಇದು. ದನದಿಂದ ಮನುಷ್ಯರಿಗೆ ದಾಟುವ ರೋಗಗಳಿವೆ. ವಿಶೇಷಚೇತನ ಮಕ್ಕಳಲ್ಲಿ ಹಲವರು ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಜೊಲ್ಲು ಒರೆಸಿಕೊಳ್ಳುತ್ತಾರೆ, ನೋವಾದರೆ ಹೇಳಲು ಬರುವುದಿಲ್ಲ. ಅದಕ್ಕೇ ಎಚ್ಚರ ಎರಡು ಪಟ್ಟು ಬೇಕು. ಕೊಟ್ಟಿಗೆಯಿಂದ ಹೊರಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ, ಉಗುರಿನ ಸಂದಿಯನ್ನೂ. ಗಾಲಿಕುರ್ಚಿಯ ಚಕ್ರದ ಹಿಡಿಯನ್ನೂ ಒರೆಸಿ. ಅದನ್ನು ಎಲ್ಲರೂ ಮರೆಯುತ್ತಾರೆ. ಹಸಿ ಹಾಲು, ನೊರೆ ಹಾಲು ಕುಡಿಸಬೇಡಿ, ಕಾಯಿಸಿಯೇ ಕೊಡಿ.

ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಕಂದು ಹಾಕಿದ ಹಸುವಿನ ಕಸದಿಂದ, ಲೋಳೆಯಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ಹಸು ಕಂದು ಹಾಕಿದರೆ ಮಗುವನ್ನು ಆ ಕೊಟ್ಟಿಗೆಗೆ ಬಿಡಬೇಡಿ, ನೀವೂ ಬರಿಗೈಯಲ್ಲಿ ಕಸ ಮುಟ್ಟಬೇಡಿ, ನಮಗೆ ತಿಳಿಸಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ನಡುವೆ ಇದರ ಲಸಿಕೆ ಹಾಕಿಸಬೇಕು, ಜೀವಮಾನಕ್ಕೆ ಒಂದೇ ಸಲ. ಮಗು ಸಲಹುವ ಕರುವಿಗೆ ಅದು ತಪ್ಪಲೇಬಾರದು. ಲಸಿಕೆ ಹಾಕುವಾಗ ಮಗು ಹತ್ತಿರ ಇರಬಾರದು, ಅದು ಜೀವಂತ ರೋಗಾಣುವಿನ ಲಸಿಕೆ.

ಕರುವಿನ ಕಣ್ಣಿನ ಸುತ್ತ, ಕತ್ತಿನ ಮೇಲೆ ಬೂದು ಬಣ್ಣದ ದುಂಡನೆ ಚಕ್ಕೆಗಳು ಕಂಡರೆ ಅದು ಹುಳುಕಡ್ಡಿ. ಮಕ್ಕಳ ಚರ್ಮಕ್ಕೆ ಬಹಳ ಸುಲಭವಾಗಿ ಹತ್ತುತ್ತದೆ, ವಾಸಿಯಾಗುವವರೆಗೆ ಬೇರೆ ಕರು ಕೊಡಿ. ಭೇದಿ ಮಾಡುತ್ತಿರುವ ಕರುವನ್ನೂ ಮುಟ್ಟಿಸಬೇಡಿ. ಸ್ಟಿರಾಯ್ಡ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿರುವ ಮಗುವಾದರೆ ಕೊಟ್ಟಿಗೆಗೆ ಬಿಡುವ ಮೊದಲು ಅದರ ವೈದ್ಯರನ್ನು ಕೇಳಿ.

ಹಸು ಅಥವಾ ಕರು ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತಾ, ಒರಲುತ್ತಾ, ನೀರು ನುಂಗಲಾರದೆ ಇದ್ದರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಎಂದು ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗವೂ ಹೀಗೆಯೇ ಶುರುವಾಗುತ್ತದೆ. ನಾಯಿ ಕಚ್ಚಿದ್ದರೆ, ಪರಚಿದ್ದರೆ ಅಥವಾ ಇಂತಹ ರಾಸಿನ ಜೊಲ್ಲು ಗಾಯಕ್ಕೆ ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಮಾತು ಬಾರದ ಮಗುವಿನ ಕೈಕಾಲನ್ನು ದಿನವೂ ಸ್ನಾನದ ಹೊತ್ತಿನಲ್ಲಿ ನೀವೇ ಒಮ್ಮೆ ನೋಡಿ. ಪರಚಿದ ಗಾಯ, ಕಚ್ಚಿಕೊಂಡ ಉಣ್ಣೆ ಆಗ ಸಿಗುತ್ತದೆ.

ಯಾರನ್ನು ಕೇಳಬೇಕು

ಇದಾವುದೂ ಫಿಸಿಯೋಥೆರಪಿಗೆ, ಮಾತ್ರೆಗೆ, ಶಾಲೆಗೆ ಬದಲಿಯಲ್ಲ. ನಿಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಭೇಟಿ ಮಾಡಿ. ಯುಡಿಐಡಿ ಕಾರ್ಡ್, ಗಾಲಿಕುರ್ಚಿ, ಮಾಸಾಶನದ ಅರ್ಜಿಗಳ ವಿಚಾರ ಅವರಿಗೆ ಗೊತ್ತಿರುತ್ತದೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಲಾಗಿದೆ. ಆಟಿಸಂ, ಮಾನಸಿಕ ಕಾಯಿಲೆ, ಸೆರೆಬ್ರಲ್ ಪಾಲ್ಸಿ ಎಲ್ಲವೂ ಅದರಲ್ಲಿವೆ. "ನಮ್ಮ ಮಗುವಿನದು ಸೇರಲ್ಲ" ಎಂದು ನೀವೇ ತೀರ್ಮಾನಿಸಬೇಡಿ. ಚಿಕ್ಕ ಮಕ್ಕಳಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಶೀಘ್ರ ಪತ್ತೆ ಕೇಂದ್ರವನ್ನು ವಿಚಾರಿಸಿ. ಅಲ್ಲಿನ ಫಿಸಿಯೋಥೆರಪಿಸ್ಟ್ ಮುಂದೆ "ನಮ್ಮ ಮನೆಯಲ್ಲಿ ಇಂತಿಂತಹ ಕೆಲಸ ಇದೆ, ಇವನಿಗೆ ಯಾವುದು ಹೊಂದುತ್ತದೆ" ಎಂದು ಬಾಯಿಬಿಟ್ಟು ಕೇಳಿ.

ಮಗಳಿಗೋ ಮಗನಿಗೋ 18 ತುಂಬಿದ್ದು, ಒಂದು ಹಸುವಿನ ಆರೈಕೆಯನ್ನು ಮನೆಯವರ ನೆರವಿನಿಂದ ನಡೆಸುತ್ತಿದ್ದರೆ, ಅವರ ಹೆಸರಿನಲ್ಲೇ ಸಂಘದ ಸದಸ್ಯತ್ವ ಪಡೆಯಲು ಏನು ಬೇಕೆಂದು ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ. ಹಾಲಿನ ಹಣ ಅವರದೇ ಬ್ಯಾಂಕ್ ಖಾತೆಗೆ ಬರುವಂತಾಗಲಿ.

ಕರು, ಹಸುವಿನ ವಿಷಯಕ್ಕೆ ನಾವಿದ್ದೇವೆ. ಮುಂದಿನ ಶಿಬಿರಕ್ಕೆ ಬರುವಾಗ ಮಗುವಿಗಾಗಿ ನೀವು ಆರಿಸಿದ ಕರುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಂಡು ಬನ್ನಿ. ಲಸಿಕೆ, ಜಂತುಹುಳದ ಔಷಧಿ, ಕೊಂಬು ಸುಡಿಸುವುದು ಇವುಗಳಲ್ಲಿ ಯಾವುದು ಬಾಕಿ ಇದೆ ಎಂದು ಅಲ್ಲೇ ನೋಡಿ ಹೇಳುತ್ತೇವೆ.